ರಾಬ್ ಹಾಲ್ ನಿಯಮ ಮುರಿದಿದ್ದು ಯಾಕೆ?
1996ರ ಎವರೆಸ್ಟ್ ದುರಂತದಲ್ಲಿ ತೀರಿಕೊಂಡ ಗೈಡ್ ರಾಬ್ ಹಾಲ್ ತಾವೇ ಹಾಕಿದ ನಿಯಮ ಮುರಿದರು ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ನಿಜ, ಮಧ್ಯಾಹ್ನ ಎರಡಕ್ಕೆ ಎಲ್ಲಿದ್ದರೂ ತಿರುಗಬೇಕಿತ್ತು. ಆದರೆ ಆ ಸಲ ಅವರ ತಂಡದಲ್ಲಿದ್ದ ಆರೋಹಿ ಡಗ್ ಹ್ಯಾನ್ಸನ್‌ರನ್ನು 1995ರಲ್ಲಿ ತುದಿಯ ಹತ್ತಿರದಿಂದ ವಾಪಸ್ ಕರೆತಂದವರೂ ಇವರೇ. ಅಂಚೆ ಇಲಾಖೆಯಲ್ಲಿ ದುಡಿದು ಮತ್ತೆ ಬಂದ ಮನುಷ್ಯನಿಗೆ ಎರಡನೇ ಸಲ 'ಬೇಡ' ಅಂತ ಹೇಳುವುದು ಸುಲಭವಲ್ಲ, ಅಲ್ವಾ? 1996ರಲ್ಲಿ ಹ್ಯಾನ್ಸನ್ ತುದಿ ಮುಟ್ಟಿದಾಗ ಸಂಜೆ ನಾಲ್ಕು ದಾಟಿತ್ತು. ಇಳಿಯಲಾಗದ ಅವರನ್ನು ಬಿಟ್ಟು ಬಂದಿದ್ದರೆ ಹಾಲ್ ಬದುಕುತ್ತಿದ್ದರೇನೋ. ಬಿಡಲಿಲ್ಲ. ಸುಮ್ನೆ ಬೈಯಲು ನನಗಂತೂ ಮನಸ್ಸು ಬರುವುದಿಲ್ಲ.

ಒಂದು ಸಂಗತಿ ಲೇಖನದಲ್ಲಿ ಬಿಟ್ಟುಹೋಗಿದೆ. ಮರುದಿನ ಆಂಗ್ ದೋರ್ಜೆ, ಲಕ್ಪಾ ಛಿರಿ ಎಂಬ ಶೆರ್ಪಾಗಳು ಆಕ್ಸಿಜನ್ ಸಿಲಿಂಡರ್, ಫ್ಲಾಸ್ಕಿನಲ್ಲಿ ಬಿಸಿ ಟೀ ಹೊತ್ತು ಹಾಲ್‌ಗಾಗಿ ಮೇಲೆ ಹತ್ತಿದ್ದರು. ಗಾಳಿ ಜಾಸ್ತಿಯಾಗಿ ಅರ್ಧದಲ್ಲೇ ತಿರುಗಬೇಕಾಯಿತು. ಈ ಶೆರ್ಪಾಗಳ ಹೆಸರನ್ನೂ ಸೇರಿಸಿ.