ಹೋದ ದ್ವೀಪಕ್ಕೇ ಮತ್ತೆ ಹೋಗುವುದರ ಬಗ್ಗೆ

ನಾನು ಮತ್ತು ನಮ್ಮ ಮನೆಯವರು ಮಾಲ್ಡೀವ್ಸ್‌ನ ಬಾ ಅಟಾಲ್‌ನಲ್ಲಿರುವ (ಅಟಾಲ್ ಎಂದರೆ ಉಂಗುರದಂತೆ ಸೇರಿಕೊಂಡ ಹವಳದ ದ್ವೀಪಗಳ ಗುಂಪು) ಪುಟ್ಟ ರೆಸಾರ್ಟ್ ಒಂದಕ್ಕೆ ಎರಡನೆಯ ಬಾರಿ ಹೋಗಿ ಬಂದೆವೆಂದು ತಿಳಿದ ಮೇಲೆ ಪರಿಚಿತರಲ್ಲಿ ಬಹುತೇಕರು ಕೇಳಿದ್ದು ಒಂದೇ ಪ್ರಶ್ನೆ: ನೋಡಿದ ಜಾಗವನ್ನೇ ಮತ್ತೆ ನೋಡಲು ಅಷ್ಟು ದುಡ್ಡು ಏಕೆ ಸುರಿದಿರಿ? ಅದೇ ಹಣದಲ್ಲಿ ಬೇರೆ ಎರಡು ದೇಶಗಳನ್ನು ನೋಡಬಹುದಿತ್ತು ಎಂಬ ಅವರ ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಕಾಲು ಗಂಟೆಯೊಳಗೆ ಸುತ್ತು ಹಾಕಿ ಮುಗಿಸಬಹುದಾದ ದ್ವೀಪವನ್ನು ಮೊದಲ ಬಾರಿ ಹೋದವರು ನಿಜವಾಗಿ ನೋಡಿರುತ್ತಾರೆ ಎಂದು ನಾನು ಒಪ್ಪುವುದಿಲ್ಲ. ಅವರು ಕೋಣೆಯನ್ನು ನೋಡಿರುತ್ತಾರೆ, ಸ್ನಾನದ ಮನೆಗೆ ಛಾವಣಿಯಿಲ್ಲದ್ದನ್ನು ಕಂಡು ಬೆರಗಾಗಿರುತ್ತಾರೆ, ನೀರಿನ ನೀಲಿಯನ್ನು ಫೋನಿನಲ್ಲಿ ಹಿಡಿಯಲು ಹೆಣಗಿರುತ್ತಾರೆ. ಅಷ್ಟರಲ್ಲಿ ಹೊರಡುವ ದಿನ ಬಂದಿರುತ್ತದೆ. ನಾವೂ 2023ರ ಫೆಬ್ರುವರಿಯಲ್ಲಿ ಹಾಗೆಯೇ ಹೋಗಿ ಹಾಗೆಯೇ ಮರಳಿದ್ದೆವು. ಈ ಸಲ, ಅಂದರೆ 2025ರ ಆಗಸ್ಟ್‌ನಲ್ಲಿ, ನಮಗೆ ದೊರೆತದ್ದು ಬೇರೆಯೇ ದ್ವೀಪ. ಇದು ಅಲಂಕಾರಕ್ಕೆ ಹೇಳಿದ ಮಾತಲ್ಲ.

ಹಿನ್ನೆಲೆಯಾಗಿ ಒಂದೆರಡು ವಿಷಯಗಳನ್ನು ಹೇಳಬೇಕು. ಮಾಲ್ಡೀವ್ಸ್ ಎಂದರೆ ಸುಮಾರು 1,200 ಹವಳದ ದ್ವೀಪಗಳು. ಅವುಗಳಲ್ಲಿ ಜನವಸತಿ ಇರುವುದು ಇನ್ನೂರಕ್ಕಿಂತ ಕಡಿಮೆ ದ್ವೀಪಗಳಲ್ಲಿ. 1972ರಲ್ಲಿ ರಾಜಧಾನಿ ಮಾಲೆಯ ಹತ್ತಿರ ಕುರುಂಬಾ ಎಂಬ ಮೊದಲ ರೆಸಾರ್ಟ್ ತೆರೆದಂದಿನಿಂದ ಅಲ್ಲಿ ಬೆಳೆದು ಬಂದ ಪದ್ಧತಿ, ಜನರಿಲ್ಲದ ಒಂದು ದ್ವೀಪವನ್ನು ಸರ್ಕಾರದಿಂದ ಗುತ್ತಿಗೆಗೆ ಪಡೆದು ಅದರಲ್ಲಿ ಒಂದೇ ರೆಸಾರ್ಟ್ ನಡೆಸುವುದು. ಜನವಸತಿಯ ದ್ವೀಪಗಳಲ್ಲಿ ಅತಿಥಿಗೃಹಗಳಿಗೆ ಅನುಮತಿ ದೊರೆತದ್ದು 2009ರ ನಂತರ. ಕಡಿಮೆ ಖರ್ಚಿನಲ್ಲಿ ಹೋಗಿ ಬರುವವರಿಗೆ ಅವು ಒಳ್ಳೆಯ ದಾರಿ, ಆದರೆ ಅದು ಬೇರೆಯೇ ಬಗೆಯ ಪ್ರವಾಸ. ರೆಸಾರ್ಟ್ ದ್ವೀಪದಲ್ಲಿ ಹೊರಗೆ ಹೋಗಿ ಕಾಫಿ ಕುಡಿಯಲು ಊರಿಲ್ಲ, ಬೇಸರವಾದರೆ ಸುತ್ತಲು ಪೇಟೆಯಿಲ್ಲ. ವಿದ್ಯುತ್ತು ಅವರದೇ ಜನರೇಟರಿನಿಂದ ಬರುತ್ತದೆ, ಕುಡಿಯುವ ನೀರು ಸಮುದ್ರದ ನೀರಿನ ಉಪ್ಪು ತೆಗೆದು ಬರುತ್ತದೆ, ಮೀನು ಮತ್ತು ತೆಂಗಿನಕಾಯಿಯನ್ನು ಬಿಟ್ಟರೆ ತಟ್ಟೆಯಲ್ಲಿ ಕಾಣುವುದೆಲ್ಲ ಹೆಚ್ಚುಕಡಿಮೆ ಹಡಗಿನಿಂದಲೋ ವಿಮಾನದಿಂದಲೋ ಇಳಿದದ್ದು. ಇಂಥ ಕಡೆ ಹೋದವರು ಆ ದ್ವೀಪ ಇದ್ದಂತೆ ಇರಬೇಕು, ಬೇರೆ ದಾರಿಯಿಲ್ಲ.

ಮೊದಲ ಸಲ ನಮ್ಮ ವಿಲ್ಲಾದ ಮುಂದೆ ಅಗಲವಾದ ಮರಳಿನ ದಂಡೆಯಿತ್ತು. ಅದನ್ನೇ ನೆನೆದು ಈ ಸಲವೂ ದ್ವೀಪದ ಪಶ್ಚಿಮದ ಅದೇ ಬದಿ ಬೇಕೆಂದು ಕೇಳಿ ಪಡೆದೆವು. ಹೋಗಿ ನೋಡಿದರೆ ಮೆಟ್ಟಿಲು ಇಳಿದ ನಾಲ್ಕು ಹೆಜ್ಜೆಗೇ ನೀರು. ಕೇದಿಗೆಯ ಗಿಡಗಳ ಬೇರುಗಳು ಬಯಲಾಗಿ ನಿಂತಿದ್ದವು, ಒಂದು ತೆಂಗಿನ ಮರ ಅಲೆಗಳ ಕಡೆಗೆ ಬಾಗಿತ್ತು. ಇವರು ಸ್ವಲ್ಪ ಹೊತ್ತು ಸುಮ್ಮನೆ ನಿಂತು, “ಮರಳೆಲ್ಲ ಎಲ್ಲಿಗೆ ಹೋಯಿತು ಅಂತ ಕೇಳಿ ಬರ್ತೀನಿ, ಯಾರೋ ಕದ್ದ ಹಾಗಿದೆ” ಎಂದರು. ಕೇಳಿದಾಗ ಬಂದ ಉತ್ತರ, ಎದುರು ದಂಡೆಗೆ ಹೋಗಿ ನೋಡಿ ಎಂಬುದು. ಹೋಗಿ ನೋಡಿದರೆ ಫೆಬ್ರುವರಿಯಲ್ಲಿ ಇಕ್ಕಟ್ಟಾಗಿದ್ದ ಪೂರ್ವದ ಬದಿಯಲ್ಲಿ ಈಗ ಮರಳು ಹರವಾಗಿ ಬಿದ್ದಿತ್ತು.

ಇದರ ಕಾರಣ ಸರಳವಾದದ್ದು, ಆದರೆ ಯಾವ ಜಾಹೀರಾತಿನಲ್ಲೂ ಇರುವುದಿಲ್ಲ. ಮಾಲ್ಡೀವ್ಸ್‌ನಲ್ಲಿ ವರ್ಷಕ್ಕೆ ಎರಡು ಗಾಳಿಗಳು. ಈಶಾನ್ಯದಿಂದ ಬೀಸುವ ಒಣ ಕಾಲವನ್ನು ಅಲ್ಲಿಯವರು ಇರುವೈ ಎನ್ನುತ್ತಾರೆ. ಮೇ ತಿಂಗಳಿನಿಂದಾಚೆಗೆ ಪಶ್ಚಿಮ ಮತ್ತು ನೈಋತ್ಯದಿಂದ ಬೀಸುವ ಮಳೆಗಾಲ ಹುಳಂಗು. ಹುಳಂಗಿನ ಅಲೆಗಳು ಪಶ್ಚಿಮದ ದಂಡೆಯ ಮರಳನ್ನು ದ್ವೀಪದ ಅಂಚಿನುದ್ದಕ್ಕೂ ಸಾಗಿಸಿ ಪೂರ್ವಕ್ಕೆ ಒಟ್ಟುತ್ತವೆ. ಗಾಳಿ ತಿರುಗಿದ ಮೇಲೆ ಮರಳೂ ತಿರುಗಿ ಬರುತ್ತದೆ. ದುಂಡಗಿನ ಚಿಕ್ಕ ದ್ವೀಪಗಳಲ್ಲಿ ಈ ಓಡಾಟ ಎದ್ದು ಕಾಣುತ್ತದೆ, ಮತ್ತು ಬಾ ಅಟಾಲ್‌ನ ದ್ವೀಪಗಳಲ್ಲೇ ವಿಜ್ಞಾನಿಗಳು ಇದನ್ನು ಋತುವಿನಿಂದ ಋತುವಿಗೆ ಅಳೆದು ದಾಖಲಿಸಿದ್ದಾರೆ. ಅಂದರೆ ನಾವು ಹಣ ಕೊಟ್ಟು ಬುಕ್ ಮಾಡಿದ ದಂಡೆ ಎಲ್ಲೂ ಹೋಗಿರಲಿಲ್ಲ, ದ್ವೀಪದ ಆಚೆ ಬದಿಯಲ್ಲಿ ಮಳೆಗಾಲ ಕಳೆಯುತ್ತಿತ್ತು. ಇದನ್ನು ಬುಕಿಂಗ್ ಮಾಡುವಾಗಲೇ ಹೇಳಬೇಕಾದದ್ದು ರೆಸಾರ್ಟಿನ ಕರ್ತವ್ಯವೆಂದು ನಾನು ಖಂಡಿತವಾಗಿ ನಂಬುತ್ತೇನೆ. ಅವರು ಹೇಳಲಿಲ್ಲ, ನಾವು ಕೇಳಿದ ಮೇಲೆ ಪೂರ್ವದ ಬದಿಗೆ ಬದಲಾಯಿಸಿಕೊಡಲು ಮುಂದೆ ಬಂದರು. ನಾವು ಬದಲಾಯಿಸಿಕೊಳ್ಳಲಿಲ್ಲ. ದಿನವೂ ಬೆಳಿಗ್ಗೆ ನೀರು ಎಲ್ಲಿಯವರೆಗೆ ಬಂದಿದೆ ಎಂದು ನೋಡುವುದೇ ನಮಗೊಂದು ಕೆಲಸವಾಯಿತು.

ಮರಳಿನ ವಿಷಯ ಇಲ್ಲಿಗೇ ಮುಗಿಯುವುದಿಲ್ಲ. ಆ ಬಿಳಿ ಮರಳು ನಮ್ಮ ಕಾಲಡಿಗೆ ಬಂದ ಬಗೆಯನ್ನು ಅಲ್ಲಿಯ ಕಡಲಜೀವಿ ತಜ್ಞೆ ಒಂದು ಸಂಜೆ ಅತಿಥಿಗಳಿಗೆ ವಿವರಿಸಿದರು. ಗಿಳಿಮೀನುಗಳು ತಮ್ಮ ಗಟ್ಟಿ ಕೊಕ್ಕಿನಂಥ ಹಲ್ಲುಗಳಿಂದ ಹವಳದ ಕಲ್ಲನ್ನು ಕೆರೆದು, ಅದರ ಮೇಲಿನ ಪಾಚಿಯನ್ನು ಜೀರ್ಣಿಸಿಕೊಂಡು, ಉಳಿದ ಸುಣ್ಣವನ್ನು ಮರಳಾಗಿ ಹೊರಹಾಕುತ್ತವೆ. ಇದೇ ಅಟಾಲ್‌ನ ವಕ್ಕಾರು ದ್ವೀಪದ ಹವಳದ ದಿಬ್ಬದಲ್ಲಿ ಹೊಸದಾಗಿ ಹುಟ್ಟುವ ಮರಳಿನ ಶೇ 85ಕ್ಕೂ ಹೆಚ್ಚು ಭಾಗ ಗಿಳಿಮೀನುಗಳದ್ದೇ ಎಂದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕ ಹಾಕಿತ್ತು. ಮಧುಚಂದ್ರಕ್ಕೆ ಬಂದಿದ್ದ ಒಂದು ಜೋಡಿ ಇದನ್ನು ಕೇಳಿದೊಡನೆ ಕಾಲಿನ ಮರಳನ್ನು ಕೊಡವಿಕೊಂಡಿತು. ನನಗಾದರೋ ಅಲ್ಲಿಂದ ಮುಂದೆ ಆ ದೇಶದ ನೆಲದ ಬಗ್ಗೆ ಗೌರವ ಹೆಚ್ಚಾಯಿತು. ಸರಾಸರಿ ಒಂದೂವರೆ ಮೀಟರ್ ಎತ್ತರವಷ್ಟೇ ಇರುವ ದೇಶ ಮೀನಿನ ಹಲ್ಲು, ಹವಳದ ಸುಣ್ಣ ಮತ್ತು ಗಾಳಿಯ ದಿಕ್ಕು ಇವುಗಳ ನಡುವಿನ ಒಪ್ಪಂದದ ಮೇಲೆ ನಿಂತಿದೆ. ಆ ಓಡಾಟವನ್ನು ತಡೆಯಲು ಕೆಲವು ಕಡೆ ಗೋಡೆ ಕಟ್ಟಿ, ಮರಳಿನ ಚೀಲ ಜೋಡಿಸಿ, ಪಂಪಿನಿಂದ ಮರಳು ಸುರಿಯುತ್ತಾರೆ. ಅತಿಥಿಗೆ ವರ್ಷವಿಡೀ ಒಂದೇ ಚಿತ್ರ ಕಾಣಬೇಕೆಂಬ ಹಟ ಇದರ ಹಿಂದಿದೆ. ಆ ಹಟಕ್ಕೆ ಹಣ ಕೊಡುವವರು ನಾವೇ ಎಂಬುದನ್ನೂ ಮರೆಯಬಾರದು.

ನೀರಿನೊಳಗೆ ಕಂಡದ್ದು ಅಷ್ಟು ಹಿತವಾಗಿರಲಿಲ್ಲ. ನಾವು ಈ ರೆಸಾರ್ಟನ್ನು ಮೊದಲು ಆರಿಸಿದ್ದೇ ಅದರ ಹೌಸ್ ರೀಫ್‌ಗಾಗಿ, ಅಂದರೆ ದಂಡೆಯಿಂದಲೇ ಈಜಿ ತಲುಪಬಹುದಾದ ಹವಳದ ದಿಬ್ಬಕ್ಕಾಗಿ. 2023ರಲ್ಲಿ ಅದರ ಅಂಚಿನಲ್ಲಿ ಮೇಜಿನಂತೆ ಹರಡಿದ್ದ ಅಗಲ ಹವಳಗಳು ಈಗ ಹಲವು ಕಡೆ ಮುರಿದು, ಬೂದು ಬಣ್ಣದ ಪಾಚಿ ಹೊದ್ದು ಬಿದ್ದಿದ್ದವು. 2024ರಲ್ಲಿ ಕಡಲ ನೀರು ಬಿಸಿಯೇರಿ ಹವಳಗಳು ಬಿಳಿಚಿಕೊಂಡದ್ದರ ಪರಿಣಾಮವಿದು. ನೀರಿನ ಶಾಖ ಸ್ವಲ್ಪವೇ ಹೆಚ್ಚಾಗಿ ಕೆಲವು ವಾರ ಹಾಗೆಯೇ ಉಳಿದರೂ ಹವಳವು ತನ್ನೊಳಗಿರುವ, ತನಗೆ ಆಹಾರ ಕೊಡುವ ಪಾಚಿಯನ್ನು ಹೊರದೂಡುತ್ತದೆ. ಬೇಗ ತಂಪಾದರೆ ಚೇತರಿಸಿಕೊಳ್ಳುತ್ತದೆ, ಇಲ್ಲದಿದ್ದರೆ ಹಸಿದು ಸಾಯುತ್ತದೆ. ಮಾಲ್ಡೀವ್ಸ್ 1998ರಲ್ಲಿ ಹೀಗೆ ಭಾರಿ ಪೆಟ್ಟು ತಿಂದಿತ್ತು, 2016ರಲ್ಲಿ ಮತ್ತೆ ಹಾಗೆಯೇ ಆಗಿ, ಸಮೀಕ್ಷೆ ನಡೆಸಿದ ಹವಳಗಳಲ್ಲಿ ಸುಮಾರು ಶೇ 60ರಷ್ಟು ಬಿಳಿಚಿಕೊಂಡಿದ್ದವು. ಮೊದಲ ಸಲವೇ ಬಂದವರಿಗೆ ಇದೇನೂ ಕಾಣಿಸುವುದಿಲ್ಲ. ನಮ್ಮ ಪಕ್ಕದಲ್ಲಿ ಈಜುತ್ತಿದ್ದವರು ಮೀನುಗಳ ಬಣ್ಣ ಕಂಡು ನೀರಿನೊಳಗೇ ಕೂಗುತ್ತಿದ್ದರು, ಮತ್ತು ಅವರ ಸಂತೋಷ ಸುಳ್ಳಲ್ಲ. ಮೀನುಗಳು ಇದ್ದವು, ಆಮೆ ಇತ್ತು, ದಂಡೆಯ ಆಳವಿಲ್ಲದ ನೀರಿನಲ್ಲಿ ಕಪ್ಪು ತುದಿಯ ರೆಕ್ಕೆಗಳ ಮರಿ ಶಾರ್ಕ್‌ಗಳು ಮೊದಲಿನಂತೆಯೇ ಓಡಾಡುತ್ತಿದ್ದವು. ಆ ದೇಶ 2010ರಲ್ಲಿ ಶಾರ್ಕ್ ಬೇಟೆಯನ್ನು ನಿಷೇಧಿಸಿದ್ದರ ಫಲವನ್ನು ಮೊಣಕಾಲು ನೀರಿನಲ್ಲಿ ನಿಂತೇ ಕಾಣಬಹುದು. ಆದರೆ ಹಿಂದೆ ಏನಿತ್ತೆಂದು ಬಲ್ಲವರಿಗೆ ಮಾತ್ರ ಈಗ ಏನಿಲ್ಲವೆಂದು ಗೊತ್ತಾಗುತ್ತದೆ. ಅದೇ ಜಾಗಕ್ಕೆ ಮರಳಿ ಹೋಗಬೇಕು ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಕಾರಣವನ್ನು ನಾನು ಕೊಡಲಾರೆ, ಅದು ಸುಖದ ಕಾರಣವಲ್ಲದಿದ್ದರೂ. ಆ ತಜ್ಞೆ ಏನನ್ನೂ ಮುಚ್ಚಿಡದೆ ಸತ್ತ ಭಾಗಗಳನ್ನೇ ಮೊದಲು ತೋರಿಸಿದರು, ಕಬ್ಬಿಣದ ಚೌಕಟ್ಟುಗಳಿಗೆ ಕಟ್ಟಿ ಬೆಳೆಸುತ್ತಿರುವ ಹವಳದ ತುಂಡುಗಳನ್ನು ಆಮೇಲೆ. ಅದೇ ರೆಸಾರ್ಟಿನ ಜಾಲತಾಣದಲ್ಲಿ ಮಾತ್ರ ಇಂದಿಗೂ ಹಳೆಯ ಚಿತ್ರಗಳೇ ಇವೆ.

ಮಳೆಗಾಲದಲ್ಲಿ ಹೋದದ್ದರ ಲಾಭವನ್ನೂ ಹೇಳಬೇಕು. ಹುಳಂಗಿನ ತಿಂಗಳುಗಳಲ್ಲಿ ಬಾ ಅಟಾಲ್‌ನ ಹನಿಫಾರು ಕೊಲ್ಲಿಗೆ ಸಣ್ಣ ಜೀವಿಗಳು ರಾಶಿಯಾಗಿ ಬಂದು ಸೇರುತ್ತವೆ, ಅವನ್ನು ತಿನ್ನಲು ಮಾಂಟಾ ರೇ ಎಂಬ ಚಪ್ಪಟೆಯಾದ ದೊಡ್ಡ ಮೀನುಗಳು ಬರುತ್ತವೆ. 2011ರಲ್ಲಿ ಯುನೆಸ್ಕೋ ಈ ಅಟಾಲನ್ನು ಜೀವಗೋಳ ಮೀಸಲು ಪ್ರದೇಶವೆಂದು ಗುರುತಿಸಿತು; ಕೊಲ್ಲಿಯಲ್ಲಿ ಸಿಲಿಂಡರ್ ಕಟ್ಟಿಕೊಂಡು ಮುಳುಗುವಂತಿಲ್ಲ, ನೀರಿನ ಮೇಲೆ ತೇಲುತ್ತ ಸ್ನಾರ್ಕೆಲ್ ಮಾಡಬಹುದಷ್ಟೇ, ಅದಕ್ಕೂ ಸಮಯದ ಮಿತಿಯಿದೆ. ಮಿತಿ ಇರುವುದು ಬಹಳ ಒಳ್ಳೆಯದು. ಅಷ್ಟಾದರೂ ದೋಣಿಗಳ ಸಂದಣಿ ನನಗೆ ಹಿಡಿಸಲಿಲ್ಲ, ಆದರೆ ಒಂದರ ಹಿಂದೊಂದು ಬಾಯಿ ತೆರೆದು ಸುತ್ತುವ ಆ ಪ್ರಾಣಿಗಳ ಎದುರು ದೂರು ಹೇಳುವ ಮನಸ್ಸು ನಿಲ್ಲಲಿಲ್ಲ. ಪ್ರತಿಯೊಂದರ ಹೊಟ್ಟೆಯ ಮೇಲಿನ ಕಲೆಗಳ ವಿನ್ಯಾಸ ಬೇರೆ ಬೇರೆ. ಅದರ ಚಿತ್ರ ತೆಗೆದು, ಈ ಪ್ರಾಣಿ ಹಿಂದಿನ ವರ್ಷ ಬಂದಿತ್ತೇ ಎಂದು ಸಂಶೋಧಕರು ಗುರುತು ಹಿಡಿಯುತ್ತಾರೆ.

ಗುರುತು ಹಿಡಿಯುವ ಕೆಲಸ ರೆಸಾರ್ಟಿನಲ್ಲೂ ನಡೆಯುತ್ತದೆ. ಮರಳಿ ಬಂದ ಅತಿಥಿ ಎಂದರೆ ಅವರಿಗೆ ವಿಶೇಷ ಪ್ರೀತಿ, ಅದರಲ್ಲಿ ವ್ಯಾಪಾರವೂ ಇದೆ. ನಾವು ಬಂದಿಳಿದ ಕೂಡಲೇ ಇವರ ಮುಂದೆ ಸಕ್ಕರೆಯಿಲ್ಲದ ಕಪ್ಪು ಚಹಾ ಬಂತು. ಹಿಂದಿನ ಸಲ ಅದನ್ನೇ ಕುಡಿದಿದ್ದರೆಂದು ಎಲ್ಲೋ ಬರೆದಿಟ್ಟುಕೊಂಡಿದ್ದರು. ಈ ನಡುವೆ ಇವರು ಚಹಾ ಬಿಟ್ಟಿದ್ದಾರೆ, ಆದರೂ ದಿನವೂ ಬೆಳಿಗ್ಗೆ ತಪ್ಪದೆ ಅದೇ ಚಹಾ ಬರುತ್ತಿತ್ತು. ಕಂಪ್ಯೂಟರಿಗೆ ನೆನಪಿತ್ತು, ಮರೆಯುವುದು ಗೊತ್ತಿರಲಿಲ್ಲ. ಹಾಸಿಗೆಯ ಮೇಲೆ ಹೂವಿನ ಎಸಳುಗಳಿಂದ ವಿವಾಹ ವಾರ್ಷಿಕೋತ್ಸವದ ಶುಭಾಶಯ ಬರೆದಿದ್ದರು, ಅದು ಫೆಬ್ರುವರಿಗೆ ಸಲ್ಲಬೇಕಾದದ್ದು. ಇದಕ್ಕೆಲ್ಲ ನಕ್ಕು ಸುಮ್ಮನಾಗಬಹುದು. ಆದರೆ ಸ್ನಾರ್ಕೆಲಿಂಗಿಗೆ ಕರೆದೊಯ್ಯುತ್ತಿದ್ದ ಮಾಲ್ಡೀವ್ಸ್‌ನ ಹುಡುಗ ನನ್ನನ್ನು ಕಂಡೊಡನೆ, ರೀಫ್ ಮುಗಿದು ಸಮುದ್ರ ಒಮ್ಮೆಲೇ ಆಳವಾಗುವ ಕಡೆ ನನಗೆ ಭಯವಾಗುತ್ತದೆಂಬುದನ್ನು ತಾನೇ ನೆನೆದು, “ಈ ಸಲ ನಾನು ಆಳದ ಬದಿಗೆ ಇರುತ್ತೇನೆ, ನೀವು ದಿಬ್ಬದ ಬದಿಗೆ ಇರಿ” ಎಂದನಲ್ಲ, ಅದಕ್ಕೆ ಬೆಲೆ ಕಟ್ಟುವುದು ಕಷ್ಟ. ಹಿಂದೆ ಕಂಡ ಮುಖಗಳಲ್ಲಿ ಅರ್ಧಕ್ಕರ್ಧ ಈಗ ಇರಲಿಲ್ಲ. ಬಾಂಗ್ಲಾದೇಶ, ಶ್ರೀಲಂಕಾ, ಭಾರತ, ನೇಪಾಳಗಳಿಂದ ಗುತ್ತಿಗೆಯ ಮೇಲೆ ಬಂದವರು ಅವಧಿ ಮುಗಿಸಿ ಹೋಗಿರುತ್ತಾರೆ. ದ್ವೀಪದ ನಡುಭಾಗದಲ್ಲಿ, ಅತಿಥಿಗಳ ಕಣ್ಣಿಗೆ ಬೀಳದಂತೆ ಗಿಡಗಳ ಮರೆಯಲ್ಲಿ ಅವರ ವಸತಿಯಿದೆ. ಸಮುದ್ರ ನಮಗೆ, ಜನರೇಟರಿನ ಸದ್ದು ಅವರಿಗೆ. ಮೊದಲ ಸಲ ಆ ಬೇಲಿಯನ್ನು ನಾನು ಗಮನಿಸಿಯೇ ಇರಲಿಲ್ಲ.

ಇನ್ನು ಹಣ. ಅಲ್ಲಿ ಬೆಲೆಗಳು ಅಮೆರಿಕನ್ ಡಾಲರಿನಲ್ಲಿ, ಅದರ ಮುಂದೆ ಎರಡು ಕೂಡಿಸುವ ಚಿಹ್ನೆಗಳಿದ್ದರೆ ಎಚ್ಚರವಾಗಿರಬೇಕು. 1,000 ಡಾಲರ್ ಎಂದರೆ ಮೊದಲು ಶೇ 10ರಷ್ಟು ಸೇವಾ ಶುಲ್ಕ ಸೇರಿ 1,100 ಆಗುತ್ತದೆ, ಆ ಮೊತ್ತದ ಮೇಲೆ 2025ರ ಜುಲೈಯಿಂದ ಶೇ 17ರ ಪ್ರವಾಸೋದ್ಯಮ ತೆರಿಗೆ ಬಿದ್ದು 1,287ಕ್ಕೆ ನಿಲ್ಲುತ್ತದೆ. ಇದರ ಜೊತೆಗೆ ರೆಸಾರ್ಟ್‌ಗಳಲ್ಲಿ ತಲೆಗೆ ದಿನಕ್ಕೆ 6 ಡಾಲರ್ ಇದ್ದ ಹಸಿರು ತೆರಿಗೆ 2025ರ ಆರಂಭದಿಂದ 12 ಆಗಿದೆ. ಹಸಿರು ತೆರಿಗೆಯ ಬಗ್ಗೆ ನನ್ನ ತಕರಾರಿಲ್ಲ, ನೆಲವೇ ಕರಗುವ ಆತಂಕದಲ್ಲಿರುವ ದೇಶ ಅದನ್ನು ಕೇಳಬಹುದು. ಮಾಲೆಯಿಂದ ಸೀಪ್ಲೇನ್, ಅಂದರೆ ನೀರಿನ ಮೇಲೆ ಇಳಿಯುವ ಪುಟ್ಟ ವಿಮಾನ, ದುಬಾರಿಯೇ, ಆದರೆ ಬರಿಗಾಲಿನ ಪೈಲಟ್‌ನ ಹಿಂದೆ ಕೂತು ಕೆಳಗೆ ಹವಳದ ಉಂಗುರಗಳನ್ನು ನೋಡುವ ಆ ಅರ್ಧ ಗಂಟೆಗೆ ನಾನು ಮರುಮಾತಿಲ್ಲದೆ ಕೊಡುತ್ತೇನೆ. ಅದು ಹಗಲಿನಲ್ಲಷ್ಟೇ ಹಾರುವುದರಿಂದ ಸಂಜೆ ತಡವಾಗಿ ಇಳಿಯುವವರು ಒಂದು ರಾತ್ರಿ ಮಾಲೆಯ ಕಡೆಯೇ ಉಳಿಯಬೇಕಾಗುತ್ತದೆ. ನೀರಿನ ಮೇಲೆ ಕಂಬ ನೆಟ್ಟು ಕಟ್ಟಿದ ವಿಲ್ಲಾಗಳಿಗೆ ಕೇಳುವ ಹೆಚ್ಚುವರಿ ಬೆಲೆ ಮಾತ್ರ ನನ್ನ ಪ್ರಕಾರ ಫೋಟೋಗೆ ಕೊಡುವ ಬೆಲೆ. ಊಟದ ವಿಷಯದಲ್ಲೂ ಹಾಗೆಯೇ: ಯುರೋಪಿನ ಹೆಸರಿನ ರಾತ್ರಿಯೂಟಕ್ಕಿಂತ ಬೆಳಿಗ್ಗೆ ಟ್ಯೂನಾ, ತೆಂಗಿನ ತುರಿ, ಈರುಳ್ಳಿ, ಮೆಣಸಿನಕಾಯಿ ಕಲಸಿದ ಮಾಸ್ ಹುನಿಯನ್ನು ರೋಶಿ ಎಂಬ ಬಿಸಿ ಚಪಾತಿಯ ಜೊತೆ ತಿನ್ನುವುದು ಎಷ್ಟೋ ಮೇಲು, ಮತ್ತು ಅದು ಉಪಾಹಾರದ ಲೆಕ್ಕದಲ್ಲೇ ಬರುತ್ತದೆ.

ಗಂಡ ಹೆಂಡತಿ ಇಬ್ಬರೇ ಇಷ್ಟು ಚಿಕ್ಕ ಜಾಗದಲ್ಲಿ ಮತ್ತೆ ಏನು ಮಾತಾಡಿದಿರಿ ಎಂದೂ ಒಬ್ಬರು ಕೇಳಿದ್ದಾರೆ. ಮಳೆ ಸುರಿದ ಎರಡು ಮಧ್ಯಾಹ್ನ ಹೆಚ್ಚೇನೂ ಮಾತಾಡಲಿಲ್ಲ. ಇವರು ಓದುತ್ತಿದ್ದರು, ನಾನು ನಿದ್ದೆ ಮಾಡಿದೆ. ಹೊಸ ಜಾಗದಲ್ಲಾಗಿದ್ದರೆ ಇಬ್ಬರಿಗೂ ಸಮಯ ಹಾಳಾಯಿತೆಂಬ ಚಡಪಡಿಕೆ ಹತ್ತಿ, ಅದು ಜಗಳವಾಗಿ ಮುಗಿಯುತ್ತಿತ್ತು ಎಂಬುದು ಅನುಭವದ ಮಾತು.

ಹೋಗುವ ಯೋಚನೆ ಇರುವವರು ಬುಕ್ ಮಾಡುವ ಮೊದಲು ಪತ್ರ ಬರೆದು, ನೀವು ಹೋಗುವ ತಿಂಗಳಲ್ಲಿ ಮರಳು ದ್ವೀಪದ ಯಾವ ಬದಿಗಿರುತ್ತದೆ, 2024ರ ನಂತರ ಹೌಸ್ ರೀಫ್ ಹೇಗಿದೆ ಎಂದು ನೇರವಾಗಿ ಕೇಳಿ. ನುಣುಚಿಕೊಳ್ಳುವ ಉತ್ತರ ಬಂದರೆ ಬೇರೆ ರೆಸಾರ್ಟ್ ನೋಡಿ, ಆ ದೇಶದಲ್ಲಿ ಅವಕ್ಕೇನೂ ಬರವಿಲ್ಲ. ನಮ್ಮ ಮಟ್ಟಿಗೆ, ಗಾಳಿ ತಿರುಗುವ ಏಪ್ರಿಲ್‌ನಲ್ಲಿ ಹೋಗಿ ಮರಳು ಸಾಗುವುದನ್ನೇ ನೋಡಬೇಕೆಂದು ಇವರು, ಕಟ್ಟಿ ಬೆಳೆಸುತ್ತಿರುವ ಹವಳಗಳು ಇನ್ನಷ್ಟು ದೊಡ್ಡದಾಗಲಿ, ಆಮೇಲೆ ಹೋಗೋಣವೆಂದು ನಾನು. ಸದ್ಯಕ್ಕೆ ಹಣ ಕೂಡಿಬರಲಿ ಎಂಬಲ್ಲಿಗೆ ಮಾತು ನಿಂತಿದೆ.