ಸಣ್ಣ ಅಕ್ಷರದ ಮಂದಿ

ದಾವಣಗೆರೆಯಲ್ಲಿ ಬೆಣ್ಣೆ ದೋಸೆ ಯಾವ ಹೋಟೆಲಿನದು ಚೆನ್ನ ಅಂತ ವಾದ ಮಾಡಲು ಬೇಕಾದಷ್ಟು ಜನ ಸಿಗುತ್ತಾರೆ. ಈ ಹಾಡಿಗೆ ಕೊಳಲು ನುಡಿಸಿದ್ದು ಯಾರು ಅಂತ ವಾದಕ್ಕೆ ಕೂರೋರು ಒಬ್ಬರೂ ಇಲ್ಲ. ನನ್ನ ಕಷ್ಟ ಇದು.

ಹಾಡು ಶುರುವಾದರೆ ನನ್ನ ಕಿವಿ ಹಾಡುವವರನ್ನು ಬಿಟ್ಟು ಹಿಂದೆ ಕೂತವರ ಕಡೆ ಹೋಗುತ್ತದೆ. ಕ್ಯಾಸೆಟ್ ಕಾಲದಲ್ಲಿ ಹತ್ತಿದ ಚಟ. ಡಬ್ಬಿಯೊಳಗಿನ ಕಾಗದ ಬಿಡಿಸಿದರೆ ಗಾಯಕರ ಫೋಟೊ ದೊಡ್ಡದು, ಸಾಹಿತ್ಯ ಸಂಗೀತದ ಹೆಸರು ದಪ್ಪಕ್ಷರದಲ್ಲಿ. ತಬಲಾ, ಕೊಳಲು, ಕೀಬೋರ್ಡ್‌ನವರು ಕಂಪನಿ ವಿಳಾಸದ ಪಕ್ಕ ಇರುವೆ ಸಾಲಿನ ಹಾಗೆ. ಅದೂ ಭಾವಗೀತೆ ಕ್ಯಾಸೆಟ್ ಆದರೆ. ಸಿನಿಮಾದ್ದಾದರೆ ಎಷ್ಟೋ ಸಲ ಅಷ್ಟೂ ಇರುತ್ತಿರಲಿಲ್ಲ.

"ಯಾರಿಗೂ ಗೊತ್ತಿಲ್ಲದ್ದೇ ಬೇಕಲ್ಲಪ್ಪಾ ನಿನಗೆ" ಅಂತಾನೆ ಗೆಳೆಯ. ಹಾಗೇನಿಲ್ಲ. ಹೆಸರಾಗದ ಬ್ಯಾಂಡುಗಳನ್ನು ಬರೀ ದೌಲತ್ತಿಗೆ ಹುಡುಕುವವರು ಇದ್ದಾರೆ. ತಮ್ಮ ಬ್ಯಾಂಡು ಇನ್ನು ನಾಲ್ಕು ಜನಕ್ಕೆ ಇಷ್ಟವಾದ ಕೂಡಲೇ ಮುಖ ಸಿಂಡರಿಸುತ್ತಾರೆ. ನಿಜ ಹೇಳಬೇಕು ಅಂದರೆ, ಹೆಸರಾಗದ ಬ್ಯಾಂಡುಗಳಲ್ಲಿ ಜಾಸ್ತಿ ಪಾಲು ಹೆಸರಾಗದೇ ಹೋಗಿದ್ದು ನ್ಯಾಯವೇ.

ಆದರೆ ಅಮೆರಿಕದ ವಿನ್‌ಸ್ಟನ್ಸ್ ಬ್ಯಾಂಡಿನ ಕಥೆ ಹಾಗಲ್ಲ. 1969ರಲ್ಲಿ ಅವರದೊಂದು ರೆಕಾರ್ಡು ಬಂತು. ಒಂದು ಮಗ್ಗುಲಿನ ಹಾಡು ಚೆನ್ನಾಗಿ ಓಡಿತು, ಗ್ರ್ಯಾಮಿಯೂ ಸಿಕ್ಕಿತು. ಇನ್ನೊಂದು ಮಗ್ಗುಲಲ್ಲಿ 'ಅಮೆನ್, ಬ್ರದರ್' ಅಂತ ಬರೀ ವಾದ್ಯಗಳ ಒಂದು ತುಣುಕು. ಅದರ ನಡುವೆ ಉಳಿದವರೆಲ್ಲ ಸುಮ್ಮನಾಗಿ ಡ್ರಮ್ಸ್‌ನ ಗ್ರೆಗರಿ ಕೋಲ್ಮನ್ ಒಬ್ಬರೇ ನಾಲ್ಕು ಸುತ್ತು ಬಾರಿಸುತ್ತಾರೆ. ಎಲ್ಲ ಸೇರಿ ಏಳು ಸೆಕೆಂಡು ಇರಬಹುದು. ಮೂರನೇ ಸುತ್ತಿನಲ್ಲಿ ಒಂದು ಪೆಟ್ಟು ಚೂರು ತಡವಾಗಿ ಬೀಳುತ್ತದೆ, ನಾಲ್ಕನೆಯದರ ಮೊದಲ ಪೆಟ್ಟು ಖಾಲಿ, ನಾವು ಎಡವಿದೆವೇನೋ ಅನ್ನುವಷ್ಟರಲ್ಲಿ ಝಲ್ ಅಂತ ಡ್ರಮ್ಸ್‌ನ ಕಂಚಿನ ತಟ್ಟೆ ಬಂದು ಎತ್ತಿ ನಿಲ್ಲಿಸುತ್ತದೆ. ಇಷ್ಟೇ. ಇದನ್ನು 80ರ ದಶಕದಲ್ಲಿ ಹಿಪ್‌ಹಾಪ್‌ನವರು, ಆಮೇಲೆ ಇಂಗ್ಲೆಂಡಿನಲ್ಲಿ ಜಂಗಲ್ ಅನ್ನೋ ಬಿರುಸಿನ ಕುಣಿತದ ಸಂಗೀತ ಮಾಡುವವರು ಕತ್ತರಿಸಿ, ವೇಗ ಏರಿಸಿ, ತಿರುಗಾಮುರುಗಾ ಮಾಡಿ ಸಾವಿರಾರು ಹಾಡಿಗೆ ಹಾಕಿಕೊಂಡರು. ಕೋಲ್ಮನ್ ಕೈಗೆ ಒಂದು ಪೈಸೆ ರಾಯಲ್ಟಿ ಬರಲಿಲ್ಲ. 2006ರಲ್ಲಿ ಬಡತನದಲ್ಲೇ ತೀರಿಕೊಂಡರು.

ಅಮೆರಿಕದ ಡೆಟ್ರಾಯಿಟ್‌ನ ಮೋಟೌನ್ ರೆಕಾರ್ಡ್ ಕಂಪನಿಯ ಹಿಟ್‌ಗಳಿಗೆ ಬೇಸ್ ಗಿಟಾರ್ ನುಡಿಸಿದ ಜೇಮ್ಸ್ ಜಾಮರ್ಸನ್ ಪಾಡೂ ಹೀಗೇ. 1971ರಲ್ಲಿ ಗಾಯಕ ಮಾರ್ವಿನ್ ಗೇ ಅವರ ಆಲ್ಬಮೊಂದು ಬರುವವರೆಗೆ ಆ ಮನುಷ್ಯನ ಹೆಸರು ಹೊದಿಕೆ ಮೇಲೆ ಬಿದ್ದಿರಲಿಲ್ಲ.

ಅಷ್ಟು ದೂರ ಯಾಕೆ, ನಮ್ಮ ಬೆಂಗಳೂರಿನ ಮೃದಂಗದ ಟಿ.ಎ.ಎಸ್. ಮಣಿ ಮತ್ತು ಗಾಯಕಿ ಆರ್.ಎ. ರಾಮಮಣಿ ಅವರ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡ ಸ್ಯಾಕ್ಸೋಫೋನ್‌ನ ಚಾರ್ಲಿ ಮರಿಯಾನೊ ಜೊತೆ 1983ರಲ್ಲಿ ಜರ್ಮನಿಯ ಇಸಿಎಂ ಕಂಪನಿಗೆ 'ಜ್ಯೋತಿ' ಅಂತ ರೆಕಾರ್ಡ್ ಮಾಡಿದೆ. ರಾಮಮಣಿ ದನಿಯ ಬೆನ್ನು ಹತ್ತಿ ಸ್ಯಾಕ್ಸೋಫೋನ್ ಹೋಗುವುದನ್ನು ಹೆಡ್‌ಫೋನ್ ಹಾಕಿಕೊಂಡು ಕೇಳಿ ನೋಡಿ. ಜಾಝ್‌ನವರಿಗೆ ಇದು ಗೊತ್ತು, ನಮ್ಮ ಕಡೆ ಎಷ್ಟು ಜನಕ್ಕೆ ಗೊತ್ತೋ ಕಾಣೆ.

ಸ್ಯಾಕ್ಸೋಫೋನ್ ಅಂದರೆ ನಮಗೆ ಕದ್ರಿ ಗೋಪಾಲನಾಥ್ ಅಲ್ವಾ. ಅವರಿಗೆ ಆ ವಾದ್ಯದ ಹುಚ್ಚು ಹಿಡಿಸಿದ್ದು ಮೈಸೂರು ಅರಮನೆಯ ಬ್ಯಾಂಡು. ಹಾಗಾಗಿ ಬ್ಯಾಂಡ್ ಸೆಟ್‌ನವರನ್ನು ಹಗುರವಾಗಿ ಕಾಣುವವರನ್ನು ಕಂಡರೆ ನನಗೆ ಉರಿಯುತ್ತದೆ. ದಾವಣಗೆರೆಯ ಪಿ.ಜೆ. ಬಡಾವಣೆಯ ಮದುವೆ ಮೆರವಣಿಗೆಯೊಂದರಲ್ಲಿ ಕೇಳಿದ ಕ್ಲಾರಿನೆಟ್ ಈಗಲೂ ಕಿವಿಯಲ್ಲಿದೆ. ಹಳೇ ಸಿನಿಮಾ ಹಾಡು, ಪಲ್ಲವಿ ಎಲ್ಲರ ಹಾಗೇ ನುಡಿಸಿದರು. ಚರಣಕ್ಕೆ ಬಂದಾಗ ಒಂದು ಸ್ವರ ಹಿಡಿದು ಎಳೆದರು ನೋಡಿ, ಡೋಲಿನವನು ನಕ್ಕು ಅವರ ಕಡೆ ತಿರುಗಿ ಅಲ್ಲೇ ಲಯ ತಡೆದು ನಿಂತ. ಮದುಮಗನ ಗೆಳೆಯರು ಇದ್ಯಾವುದರ ಪರಿವೆ ಇಲ್ಲದೆ ಕುಣಿಯುತ್ತಿದ್ದರು. ಕೆಂಪು ಕೋಟಿನ ತೋಳು ಹರಿದಿತ್ತು, ಬೆರಳು ಮಾತ್ರ ಅಷ್ಟು ಸಲೀಸು.

ಮಂಟಪದ ಹೊರಗೆ ನೀರು ಕುಡಿಯುತ್ತಿದ್ದಾಗ ಹೋಗಿ ಹೆಸರು ಕೇಳಿದೆ. ಅವರು ಜೇಬಿನಿಂದ ಕಾರ್ಡು ತೆಗೆದು ಕೊಟ್ಟರು. ಮೇಲೆ ಗಣಪತಿ, ಕೆಳಗೆ ಬ್ಯಾಂಡಿನ ಮಾಲೀಕರ ಹೆಸರು, ಮೊಬೈಲ್ ನಂಬರು. "ಇದು ನಿಮ್ಮ ಹೆಸರಲ್ಲವಲ್ಲ ಅಣ್ಣಾ" ಅಂದೆ.

"ಕ್ಲಾರಿನೆಟ್‌ನವನೇ ಬೇಕು ಅಂತ ಹೇಳ್ರಿ ಸಾರ್, ಸಾಕು. ನಾನೇ ಬರ್ತೀನಿ."