‘ಒಂದು ಕಡ್ಡಿಯಿಂದ ಏನಾಗುತ್ತೆ’ ಅನ್ನೋರಿಗೆ

ವಿದೇಶದಿಂದ ಬರುವಾಗ ಬಟ್ಟೆ ನಡುವೆ ಗಿಡದ ಕಡ್ಡಿ ಬಚ್ಚಿಟ್ಟು ತಂದು, ‘ಏರ್‌ಪೋರ್ಟಿನಲ್ಲಿ ಯಾರಿಗೂ ಗೊತ್ತೇ ಆಗಲಿಲ್ಲ’ ಅಂತ ಬೀಗುವವರನ್ನು ಕಂಡರೆ ಮೈಯೆಲ್ಲ ಉರಿಯುತ್ತೆ. ಒಂದು ಕಡ್ಡಿಯಿಂದ ಏನಾಗುತ್ತಂತೆ! ದಕ್ಷಿಣ ಇಟಲಿಯಲ್ಲಿ 2013ರಲ್ಲಿ ಪತ್ತೆಯಾದ ಕ್ಸೈಲೆಲ್ಲಾ ಬ್ಯಾಕ್ಟೀರಿಯಾ ಲಕ್ಷಾಂತರ ಆಲಿವ್ ಮರಗಳನ್ನು ಒಣಗಿಸಿ ಹಾಕಿತು. ಹೊರಗಿಂದ ತರಿಸಿದ ಅಲಂಕಾರದ ಕಾಫಿ ಗಿಡದ ಜೊತೆ ಬಂದಿರಬೇಕು ಅನ್ನುತ್ತಾರೆ ವಿಜ್ಞಾನಿಗಳು. ವಾಸಿ ಮಾಡೋ ಔಷಧಿಯೇ ಇಲ್ಲ. ಬಾಳೆಯ ಪನಾಮಾ ರೋಗಕ್ಕಂತೂ ಬೂಟಿಗಂಟಿದ ಮಣ್ಣೇ ಸಾಕು; ತೋಟ ಸೇರಿದರೆ ದಶಕಗಳಾದರೂ ಮಣ್ಣು ಬಿಟ್ಟು ಹೋಗಲ್ಲ. ತಪಾಸಣೆಯವರು ಬ್ಯಾಗಿನ ಹಣ್ಣು ತೆಗೆದಿಟ್ಟರೆ ಮಾತ್ರ ಇವರಿಗೆ ಭಾರೀ ಅವಮಾನ. ಸ್ವಾಮಿ, ಗಿಡಕ್ಕೆ ರೋಗ, ಹುಳ ಇಲ್ಲ ಅಂತ ಆ ದೇಶದವರೇ ಪರೀಕ್ಷಿಸಿ ಕೊಡೋ ಸಸ್ಯ ಆರೋಗ್ಯ ಪ್ರಮಾಣಪತ್ರ ಅಂತ ಒಂದಿದೆ, ಮಾಡಿಸಿಕೊಂಡು ತನ್ನಿ. ಅಷ್ಟು ತಾಳ್ಮೆ ಇಲ್ಲವೇ? ಗಿಡದ ಫೋಟೊ ಹೊಡ್ಕೊಂಡು ಬನ್ನಿ, ಅದರಲ್ಲಿ ಹುಳ ಇರಲ್ಲ.